ಮಾಳಿಗೆ ಹೋಯಿತು, ಪತ್ರಾಸ್ ಬಂತು: ನಮ್ಮ ಸೂರಿಗೆ ಜಂಗು ಹತ್ತಿದ ಕಥೆ

ಯಾದಗಿರಿಯ ಕೋಟೆ ಗುಡ್ಡದಿಂದಾಗಲಿ, ಸುರಪುರದ ಟೇಲರ್ ಮಂಜಿಲ್ ಇರುವ ಗುಡ್ಡದಿಂದಾಗಲಿ ಕೆಳಗೆ ನೋಡಿದರೆ ಊರಿನ ಚರಿತ್ರೆ ಮನೆಗಳ ನೆತ್ತಿಯ ಮೇಲೇ ಕಾಣುತ್ತದೆ. ಹಳೇ ಓಣಿಯಲ್ಲಿ ಮಣ್ಣಿನ ಮಾಳಿಗೆ, ಅದರ ಮಗ್ಗುಲಲ್ಲಿ ಪರ್ಸಿ ಕಲ್ಲು ಹಾಸಿದ ಮಾಳಿಗೆ, ರಸ್ತೆ ಬದಿಗೆ ಆರ್‌ಸಿಸಿ, ಊರ ಅಂಚಿಗೆ ಸಾಲು ಸಾಲು ಪತ್ರಾಸ್. ಆ ಪತ್ರಾಸ್‌ಗಳಲ್ಲಿ ಹೊಸವು ಬಿಸಿಲಿಗೆ ಹೊಳೆಯುತ್ತವೆ, ಕೆಲವು ಬೂದಿ ಬಣ್ಣಕ್ಕೆ ತಿರುಗಿವೆ, ಇನ್ನು ಕೆಲವು ಕೆಂಪಗಾಗಿ ಅಲ್ಲಲ್ಲಿ ತೂತು ಬಿದ್ದಿವೆ.

ಇಲ್ಲೊಂದು ಪ್ರಶ್ನೆ ಇದೆ. ಕಬ್ಬಿಣಕ್ಕೆ ಜಂಗು ಹಿಡಿಯಬೇಕಾದರೆ ನೀರು ಬೇಕು. ನಮ್ಮದು ಬಿಸಿಲ ನಾಡು. ಮಂಗಳೂರಿನ ಹಾಗೆ ಉಪ್ಪು ಗಾಳಿ ಇಲ್ಲ, ಆಗುಂಬೆಯ ಹಾಗೆ ಜಡಿಮಳೆ ಇಲ್ಲ, ದೊಡ್ಡ ಕಾರ್ಖಾನೆಗಳ ಹೊಗೆಯೂ ಊರೂರಿಗಿಲ್ಲ. ವರ್ಷದ ಬಹುಪಾಲು ದಿನ ನಮ್ಮ ಗಾಳಿ ಒಣಗಿರುತ್ತದೆ. ಲೆಕ್ಕದ ಪ್ರಕಾರ ನಮ್ಮ ಕಡೆಯ ತಗಡು ಎರಡು ತಲೆಮಾರು ಬಾಳಬೇಕು. ಆದರೂ ಎಷ್ಟೋ ಮನೆಗಳಲ್ಲಿ ಸಾಲ ತಂದು ಹಾಕಿಸಿದ ತಗಡು ಹತ್ತು ಹನ್ನೆರಡು ವರ್ಷಕ್ಕೇ ಸೋರುತ್ತದೆ. ಯಾಕೆ?

ಉತ್ತರ ತಗಡಿನಲ್ಲಿ ಅರ್ಧ ಇದೆ, ನಮ್ಮ ಚರಿತ್ರೆಯಲ್ಲಿ ಅರ್ಧ ಇದೆ.

ಹೆಸರಿನಲ್ಲೇ ಅಡಗಿರುವ ಕಥೆ

ಮೊದಲು ಹೆಸರುಗಳನ್ನು ನೋಡೋಣ. ತಗಡು ಎಂಬುದು ಕನ್ನಡದ ಹಳೇ ಮಾತು. ಬಡಿದು ತೆಳ್ಳಗೆ ಮಾಡಿದ ಯಾವ ಲೋಹಕ್ಕೂ ಸಲ್ಲುತ್ತದೆ, ಬಂಗಾರದ ತಗಡೂ ಇದೆ, ತಾಮ್ರದ ತಗಡೂ ಇದೆ. ಪತ್ರಾ, ಪತ್ರಾಸ್ ಎನ್ನುವುದು ಸಂಸ್ಕೃತದ ಪತ್ರದಿಂದ, ಅಂದರೆ ಎಲೆ ಎಂಬ ಮಾತಿನಿಂದ ಬಂದದ್ದು. ಮರಾಠಿಯವರೂ ಪತ್ರಾ ಅನ್ನುತ್ತಾರೆ. ಜಂಗು ಎಂಬುದು ಫಾರ್ಸಿಯ ಮಾತು, ಉರ್ದುವಿನ ದಾರಿಯಲ್ಲಿ ನಮ್ಮ ಬಾಯಿಗೆ ಬಂತು. ತುಕ್ಕು ಅಂದರೂ ಅದೇ.

ಇನ್ನು ಟಿನ್ ಶೀಟು, ಟಿನ್ ಶೆಡ್ಡು. ಈ ಹೆಸರು ಸುಳ್ಳು. ಟಿನ್ ಅಂದರೆ ತವರ. ನಮ್ಮ ಸೂರಿನ ತಗಡಿನಲ್ಲಿ ತವರ ಇಲ್ಲ. ಒಳಗೆ ಕಬ್ಬಿಣ, ಮೇಲೆ ಕೆಳಗೆ ಎರಡೂ ಕಡೆ ಜಸ್ತದ ತೆಳುವಾದ ಲೇಪ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಸತು ಅನ್ನುತ್ತಾರೆ. ಜಸ್ತದ ಕೊಡ, ಜಸ್ತದ ಬಕೇಟು ನೋಡಿದವರಿಗೆ ಆ ಬೂದು ಹೊಳಪು ಗೊತ್ತು. ಈ ಒಂದು ಸಂಗತಿ ನೆನಪಿಟ್ಟರೆ ಮುಂದಿನದೆಲ್ಲ ಸುಲಭ: ಮಳೆಯನ್ನು ತಡೆಯುವುದು ಕಬ್ಬಿಣ, ಕಬ್ಬಿಣವನ್ನು ಕಾಯುವುದು ಜಸ್ತ. ಜಸ್ತ ಸವೆದುಹೋದ ದಿನ ಜಂಗು ಶುರುವಾಗುತ್ತದೆ.

ಕಬ್ಬಿಣ ಮತ್ತು ಜಂಗು ನಮ್ಮ ನೆಲಕ್ಕೆ ಹೊಸವಲ್ಲ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ರಾಜನಕೋಳೂರು, ಜೇವರ್ಗಿ ಕಡೆಯ ಪ್ರಾಚೀನ ಕಲ್ಗೋರಿಗಳ ಬಗ್ಗೆ ಬರೆದಿದ್ದಾನೆ. ಕೆಲವನ್ನು ತೋಡಿಸಿಯೂ ನೋಡಿದ. ಅಂಥ ಗೋರಿಗಳಲ್ಲಿ ಸಿಗುವ ಕಬ್ಬಿಣದ ಆಯುಧಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. ನಮ್ಮ ಹಿರಿಯರಿಗೆ ಕಬ್ಬಿಣ ಅಂದರೆ ಈಟಿ, ಕುಡುಗೋಲು, ಕುಂಟೆಯ ತಾಳು. ಅದನ್ನು ಮನೆಯ ಮೇಲೆ ಹಾಸುವ ಯೋಚನೆ ಯಾರಿಗೂ ಬಂದಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಯಾಕೆಂದರೆ ಮಾಳಿಗೆ ಇತ್ತು.

ಮಾಳಿಗೆ ಬೇಡುತ್ತಿದ್ದ ಸೇವೆ

ಮಣ್ಣಿನ ಮಾಳಿಗೆ ನಮ್ಮ ಹವೆಗೆ ಹೇಳಿ ಮಾಡಿಸಿದ ಸೂರು. ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಕ್ಕೆ ಇಲ್ಲವೇ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಗೇಣುಗಟ್ಟಲೆ ಮಣ್ಣು. ನಡುವೆ ಬೆಳಕಿಂಡಿ, ಅಂಚಿಗೆ ನೀರು ಹೊರಗೆ ಚೆಲ್ಲುವ ದೋಣಿ. ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆ ಹುಟ್ಟಿದ್ದು ಇಂಥ ಮನೆಯಲ್ಲಿ. ತಲೆ ಎತ್ತಿದರೆ ಜಂತಿ ಕಾಣುತ್ತಿತ್ತು. ಎಣಿಸಿದರೆ ಮನೆಯ ಅಳತೆಯೂ ಯಜಮಾನನ ಅನುಕೂಲವೂ ತಿಳಿಯುತ್ತಿತ್ತು.

ಮೇಲಿನ ಪದರಕ್ಕೆ ಕಂಡ ಮಣ್ಣು ನಡೆಯುತ್ತಿರಲಿಲ್ಲ. ಕರಲು ಮಣ್ಣು ಬೇಕಿತ್ತು. ಕರಲು ಅಂದರೆ ಉಪ್ಪಿನಂಶದ, ಸವಳು ಮಣ್ಣು. ಅದರಲ್ಲಿರುವ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೀರು ಬಿದ್ದಾಗ ಆ ಸಣ್ಣ ಕಣಗಳು ಸಂದಿಗಳಲ್ಲಿ ಕೂತು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆ ಕೆಡಿಸುವ ಗುಣವೇ ಮಾಳಿಗೆಯ ಮೇಲೆ ಮನೆ ಕಾಯುತ್ತಿತ್ತು. ರಸಾಯನಶಾಸ್ತ್ರ ಓದದೆಯೇ ನಮ್ಮ ಹಿರಿಯರು ಇದನ್ನು ಕಂಡುಕೊಂಡಿದ್ದರು.

ಆದರೆ ಮಾಳಿಗೆ ಸುಮ್ಮನೆ ಕಾಯುತ್ತಿರಲಿಲ್ಲ, ಸೇವೆ ಕೇಳುತ್ತಿತ್ತು. ಬೇಸಿಗೆ ಮುಗಿಯುವಾಗ, ಮಿರಗ ಮಳೆ ಕೂಡುವ ಮೊದಲು, ಮನೆಯವರು ಮಾಳಿಗೆ ಹತ್ತಬೇಕು. ಬೆಳೆದ ಹುಲ್ಲು ಕೀಳಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು, ದೋಣಿಯ ಕಸ ತೆಗೆಯಬೇಕು, ಹೊಸ ಕರಲು ಹರಡಿ ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಬಿಟ್ಟರೆ ಆ ವರ್ಷವೇ ಸೋರುತ್ತಿತ್ತು. ಹೀಗಾಗಿ ಯಾರೂ ಬಿಡುತ್ತಿರಲಿಲ್ಲ. ಹೊಲ ಹರಗುವ ಹಾಗೆ, ಬೀಜ ಕಟ್ಟಿಡುವ ಹಾಗೆ, ಮಾಳಿಗೆ ಹತ್ತುವುದೂ ಬೇಸಿಗೆಯ ಒಂದು ಕೆಲಸ.

ಈ ಕಟ್ಟಳೆಯನ್ನು ನೆನಪಿಟ್ಟುಕೊಳ್ಳಿ. ತಗಡು ಬಂದಾಗ ನಾವು ಕಳೆದುಕೊಂಡದ್ದು ಇದನ್ನೇ.

ಲಂಡನ್ ಬಂದರಿನಿಂದ ಭೀಮಾ ದಂಡೆಗೆ

ಅಲೆ ಅಲೆಯಾದ ಕಬ್ಬಿಣದ ತಗಡು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಹಡಗು ಕಟ್ಟೆಗಳ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಉಪಾಯ ಸರಳ. ಒಂದು ಹಾಳೆ ಕಾಗದವನ್ನು ಎರಡು ತುದಿಗೆ ಆನಿಸಿದರೆ ನಡುವೆ ಬಾಗಿ ಬೀಳುತ್ತದೆ. ಅದನ್ನೇ ಬೀಸಣಿಗೆಯ ಹಾಗೆ ಮಡಚಿ ಇಟ್ಟರೆ ಮೇಲೊಂದು ಪೆನ್ನು ಇಟ್ಟರೂ ನಿಲ್ಲುತ್ತದೆ. ತಗಡಿನ ಅಲೆಗಳ ಕೆಲಸ ಇದೇ. ತೆಳು ತಗಡು, ಕಡಿಮೆ ತೊಲೆ, ದೊಡ್ಡ ಸೂರು.

ಆದರೆ ಪಾಮರ್‌ನ ತಗಡು ಬರೀ ಕಬ್ಬಿಣ. ಬಣ್ಣ ಬಳಿದರೂ ಬೇಗ ಜಂಗು ಹಿಡಿಯುತ್ತಿತ್ತು. ಅದಕ್ಕೆ ಮದ್ದು ಸಿಕ್ಕಿದ್ದು 1837ರಲ್ಲಿ. ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ ಎಂಬ ಇಂಜಿನಿಯರ್ ಕರಗಿದ ಜಸ್ತದಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುವ ಪದ್ಧತಿಗೆ ಪೇಟೆಂಟ್ ಪಡೆದ. ಕಪ್ಪೆಯ ಕಾಲಿನ ಮೇಲೆ ಪ್ರಯೋಗ ಮಾಡಿ ವಿದ್ಯುತ್ತಿನ ಅಧ್ಯಯನಕ್ಕೆ ದಾರಿ ಮಾಡಿದ ಇಟಲಿಯ ಗಾಲ್ವಾನಿಯ ಹೆಸರನ್ನು ಅದಕ್ಕೆ ಇಟ್ಟ. ಅಂಗಡಿಯಲ್ಲಿ ನಾವು ಕೇಳುವ ಜಿ.ಐ. ಶೀಟಿನ ‘ಜಿ’ ಅಂದರೆ ಗ್ಯಾಲ್ವನೈಸ್ಡ್, ಆ ಹೆಸರಿನಿಂದ ಬಂದದ್ದು.

ಇದರಲ್ಲಿ ಒಂದು ವಿಪರ್ಯಾಸ ಇದೆ. ಜಸ್ತವನ್ನು ಅದಿರಿನಿಂದ ಬೇರ್ಪಡಿಸುವುದು ಬಲು ಕಷ್ಟ. 907 ಡಿಗ್ರಿ ಸೆಲ್ಸಿಯಸ್‌ಗೆ ಅದು ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿದು ತಣಿಸುವ ವಿದ್ಯೆಯನ್ನು ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಇಟ್ಟು ಜಸ್ತ ತೆಗೆಯುತ್ತಿದ್ದರು. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನ ಕುಲುಮೆಗಳು 19ನೇ ಶತಮಾನದ ಆರಂಭದ ಹೊತ್ತಿಗೆ ಆರಿಹೋದವು. ಅದೇ ಶತಮಾನದಲ್ಲಿ ಜಸ್ತ ಬಳಿದ ತಗಡನ್ನು ಬ್ರಿಟನ್ನಿನಿಂದ ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದಾಯಿತು.

ನಮ್ಮ ಭಾಗಕ್ಕೆ ಬಾಗಿಲು ತೆರೆದದ್ದು ರೈಲು. 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕರು ಸೋತ ಮೇಲೆ ಸುರಪುರ ಬ್ರಿಟಿಷರ ಕೈ ಸೇರಿತ್ತು. 1860ರಲ್ಲಿ ಬ್ರಿಟಿಷರು ಅದನ್ನು ನಿಜಾಮರಿಗೆ ಬಿಟ್ಟುಕೊಟ್ಟರು. ಹನ್ನೊಂದು ವರ್ಷದ ಮೇಲೆ, 1871ರಲ್ಲಿ, ಮುಂಬೈಯಿಂದ ಬಂದ ರೈಲು ದಾರಿ ವಾಡಿ, ಯಾದಗಿರಿ ಮೂಲಕ ರಾಯಚೂರು ತಲುಪಿ ಮದ್ರಾಸಿನ ದಾರಿಯನ್ನು ಕೂಡಿತು. ರೈಲಿನ ಜೊತೆಗೆ ಕಬ್ಬಿಣದ ಸೇತುವೆ, ಕಬ್ಬಿಣದ ಕಂಬ, ತಗಡು ಹೊದಿಸಿದ ಗೋದಾಮು ಬಂದವು. ಆಮೇಲೆ ಹತ್ತಿ ಜಿನ್ನಿಂಗ್ ಗಿರಣಿ, ಎಣ್ಣೆ ಗಿರಣಿಗಳ ತಗಡಿನ ಮಾಡು. ಶಹಾಪುರ, ಸುರಪುರಕ್ಕೆ ರೈಲು ಬರಲಿಲ್ಲ. ಅಲ್ಲಿಗೆ ತಗಡು ಹೋಗಬೇಕಾದರೆ ಯಾದಗಿರಿ ಟೇಶನ್ನಿನಲ್ಲಿ ಇಳಿಸಿ, ಭೀಮೆ ದಾಟಿ ಬಂಡಿಯಲ್ಲಿ ಒಯ್ಯಬೇಕಿತ್ತು. ಹೀಗಾಗಿ ಬಹಳ ಕಾಲ ತಗಡು ಅಂದರೆ ಸರ್ಕಾರದ್ದು, ಸಾಹುಕಾರರದ್ದು. ರೈತನ ಮನೆಗೆ ಮಾಳಿಗೆಯೇ ಗತಿ, ಮಾಳಿಗೆಯೇ ಮರ್ಯಾದೆ.

ತಗಡು ಬಡವನ ಸೂರಾದದ್ದು

ದೇಶದೊಳಗೆ ಜೆಮ್ಶೆಡ್‌ಪುರದ ಟಾಟಾ ಕಾರ್ಖಾನೆ ತಗಡು ತಯಾರಿಸತೊಡಗಿತು. 1924ರಲ್ಲಿ ಸರ್ಕಾರ ವಿದೇಶಿ ಉಕ್ಕಿನ ಮೇಲೆ ಸುಂಕ ಹಾಕಿ ಅದಕ್ಕೆ ಆಸರೆ ಕೊಟ್ಟಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಕಬ್ಬಿಣ, ಉಕ್ಕು ಸರ್ಕಾರದ ಹಿಡಿತಕ್ಕೆ ಹೋದವು. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಆ ಹಿಡಿತ ಪೂರ್ತಿ ಸಡಿಲಲಿಲ್ಲ. ಉಕ್ಕಿನ ಬೆಲೆ ಮತ್ತು ಹಂಚಿಕೆಯ ಮೇಲಿನ ನಿಯಂತ್ರಣ ತೆಗೆದದ್ದು 1992ರಲ್ಲಿ. ನಮ್ಮ ಊರುಗಳಲ್ಲಿ ತಗಡಿನ ಅಂಗಡಿ ಹೆಚ್ಚಿದ್ದು ಅದರ ನಂತರದ ವರ್ಷಗಳಲ್ಲಿ. ತೋರಣಗಲ್ಲಿನಂಥ ಜಾಗಗಳಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬಂದದ್ದೂ ಅದೇ ಕಾಲ.

ಇದರ ನಡುವೆ ನಮ್ಮ ನೆಲವೂ ಬದಲಾಯಿತು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳ, ತೊಗರಿಯ ಜಾಗದಲ್ಲಿ ಭತ್ತ ಬಂತು. ಭತ್ತದ ಜೊತೆ ಕ್ಯಾಂಪುಗಳು, ಕ್ಯಾಂಪುಗಳ ಜೊತೆ ತಗಡಿನ ಶೆಡ್ಡುಗಳು, ಗೊಬ್ಬರದ ಗೋದಾಮುಗಳು. ನೀರು ಹೆಚ್ಚಾದ ಹೊಲಗಳಲ್ಲಿ ಸವಳು-ಜವಳು.

ಅತ್ತ ಮಾಳಿಗೆ ಕಟ್ಟುವುದು ಕಷ್ಟವಾಗುತ್ತ ಬಂತು. ತೊಲೆ, ಜಂತಿಗೆ ಮರ ಸಿಗುತ್ತಿರಲಿಲ್ಲ, ಸಿಕ್ಕರೂ ಗೆದ್ದಲು. ಅಣ್ಣ-ತಮ್ಮಂದಿರು ಪಾಲಾದಾಗ ಪ್ರತಿಯೊಬ್ಬರಿಗೂ ಬೇರೆ ಸೂರು ಬೇಕು, ಅದೂ ಬೇಗ ಬೇಕು. ಮೇಲೆ ಹತ್ತಿ ಮಣ್ಣು ತುಳಿಯುವ ಆಳುಗಳು ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋದರು. ಆಮೇಲೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆ. ಉತ್ತರ ಕರ್ನಾಟಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಣ್ಣಿನ ಮನೆಗಳು ನೆನೆದು ಕುಸಿದವು. ಆ ವರ್ಷ ಡಿಸೆಂಬರ್ 30ರಂದು ಯಾದಗಿರಿ ಹೊಸ ಜಿಲ್ಲೆಯಾಯಿತು. ಹೊಸ ಜಿಲ್ಲೆ ಕಣ್ಣು ಬಿಟ್ಟಾಗ ಹಳೇ ಮಾಳಿಗೆಯ ಮೇಲೆ ಜನರಿಗಿದ್ದ ಭರವಸೆ ಅಲುಗಾಡಿತ್ತು. ತಗಡು ಎರಡು ದಿನದಲ್ಲಿ ಏಳುತ್ತದೆ, ಹಗುರ, ಬಿದ್ದರೂ ಜೀವ ಉಳಿಯುತ್ತದೆ.

ಹೀಗೆ ಸಾಹುಕಾರರ ಗಿರಣಿಯ ಮೇಲಿದ್ದ ತಗಡು ಬಡವರ ಮನೆಗೆ ಬಂತು. ಬರುವಾಗ ಒಂದು ನಂಬಿಕೆಯನ್ನೂ ತಂದಿತು: ಇದಕ್ಕೆ ಏನೂ ಮಾಡಬೇಕಾಗಿಲ್ಲ, ಹಾಕಿದರೆ ಮುಗಿಯಿತು.

ಅಜ್ಜನ ಕಾಲದ ತಗಡು ಯಾಕೆ ಗಟ್ಟಿ?

ಹಳೇ ಗೋದಾಮಿನ ತಗಡು ಇನ್ನೂ ಚೆನ್ನಾಗಿದೆ, ಮೊನ್ನೆ ತಂದದ್ದು ಕೆಟ್ಟಿತು ಎಂಬ ಮಾತು ಎಲ್ಲ ಊರಲ್ಲೂ ಕೇಳುತ್ತೇವೆ. ಅದರಲ್ಲಿ ಸತ್ಯ ಇದೆ. ಮೊದಲು ಒಂದೊಂದೇ ತಗಡನ್ನು ಕರಗಿದ ಜಸ್ತದಲ್ಲಿ ಅದ್ದುತ್ತಿದ್ದರು, ಲೇಪ ದಪ್ಪಗೆ ಕೂಡುತ್ತಿತ್ತು. 1930ರ ದಶಕದಲ್ಲಿ ಪೋಲೆಂಡಿನ ತಾದೆಉಷ್ ಸೆಂಜಿಮಿರ್ ತಗಡಿನ ಸುರುಳಿಯನ್ನು ನಿಲ್ಲಿಸದೆ ಜಸ್ತದಲ್ಲಿ ಹಾಯಿಸುವ ಯಂತ್ರ ತಂದ. ಲೇಪ ಸಮನಾಯಿತು, ತೆಳ್ಳಗೂ ಆಯಿತು. ತಗಡು ಅಗ್ಗವಾದದ್ದು ಹೀಗೆ. ಕಬ್ಬಿಣದ ದಪ್ಪವೂ ಇಳಿಯಿತು. 24 ಗೇಜಿನ ಹಳೇ ತಗಡು ಸುಮಾರು 0.6 ಮಿಲಿಮೀಟರ್. ಈಗ ಅಂಗಡಿಯಲ್ಲಿ 0.35, 0.40 ಕೂಡ ಸಿಗುತ್ತದೆ.

ನಮ್ಮ ದೇಶದ ಐ.ಎಸ್. 277 ಎಂಬ ಮಾನದಂಡದಲ್ಲಿ ಜಸ್ತದ ಲೇಪಕ್ಕೆ 120, 180, 275 ಎಂಬಂಥ ದರ್ಜೆಗಳಿವೆ. ಒಂದು ಚದರ ಮೀಟರ್ ತಗಡಿಗೆ ಎರಡೂ ಬದಿ ಸೇರಿ ಎಷ್ಟು ಗ್ರಾಂ ಜಸ್ತ ಇದೆ ಎಂಬ ಲೆಕ್ಕ ಅದು. 275 ಅಂದರೆ ಒಂದು ಬದಿಗೆ ಸುಮಾರು 19 ಮೈಕ್ರಾನ್ ದಪ್ಪ. 120 ಅಂದರೆ ಸುಮಾರು 8 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲು.

ಈಗ ಮೊದಲ ಪ್ರಶ್ನೆಗೆ ಬರೋಣ. ಹೆಚ್ಚು ತೇವವಿಲ್ಲದ, ಹೊಗೆ ಕಡಿಮೆ ಇರುವ ಹಳ್ಳಿಯ ಗಾಳಿಯಲ್ಲಿ ಜಸ್ತ ವರ್ಷಕ್ಕೆ 0.1ರಿಂದ 0.7 ಮೈಕ್ರಾನ್ ಸವೆಯುತ್ತದೆ ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ವರ್ಷಕ್ಕೆ 0.5 ಎಂದೇ ಹಿಡಿಯಿರಿ. 120ರ ತೆಳು ತಗಡೂ 16 ವರ್ಷ ಜಂಗು ಕಾಣಬಾರದು. 275 ಆದರೆ 38 ವರ್ಷ. ಹಾಗಿದ್ದೂ ಎಂಟು ವರ್ಷಕ್ಕೆ ತೂತು ಬಿದ್ದರೆ ತಪ್ಪು ಯಾದಗಿರಿಯ ಗಾಳಿಯದಲ್ಲ. ತಗಡಿನ ಮೇಲೆ ನಾವು ಇಟ್ಟದ್ದು, ಕೆಳಗೆ ಕಟ್ಟಿದ್ದು, ಅಂಚಿಗೆ ಮೆತ್ತಿದ್ದು ಅದನ್ನು ತಿಂದಿದೆ.

ಮಾಳಿಗೆಯ ಅಭ್ಯಾಸ, ತಗಡಿನ ಮೇಲೆ

ಇಲ್ಲಿಯೇ ಚರಿತ್ರೆ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಮಾಳಿಗೆಯನ್ನು ನೋಡಿಕೊಳ್ಳುವ ಕಟ್ಟಳೆ ಬಿಟ್ಟೆವು, ಮಾಳಿಗೆಯನ್ನು ಬಳಸುವ ಅಭ್ಯಾಸ ಮಾತ್ರ ಬಿಡಲಿಲ್ಲ.

ಒಂದು, ಸಪಾಟು. ಮಾಳಿಗೆ ಸಪಾಟಾಗಿತ್ತು ಎಂದು ತಗಡನ್ನೂ ಸಪಾಟಾಗಿ ಹಾಸುತ್ತೇವೆ. ನೀರು, ಧೂಳು ನಿಲ್ಲುತ್ತವೆ. ತಗಡಿಗೆ ಹತ್ತು ಅಡಿಗೆ ಸುಮಾರು ಎರಡು ಅಡಿಯಾದರೂ ಇಳಿಜಾರು ಬೇಕು.

ಎರಡು, ಕರಲು. ಹಳೇ ಮಣ್ಣಿನ ಗೋಡೆಯ ಮೇಲೆ ತಗಡು ಹೊದಿಸಿ ಸಂದಿಗೆ ಅದೇ ಸವಳು ಮಣ್ಣು ಮೆತ್ತುವವರಿದ್ದಾರೆ. ಮಾಳಿಗೆಯನ್ನು ಕಾದ ಉಪ್ಪು ತಗಡಿಗೆ ವಿಷ. ಅದು ತೇವ ಹಿಡಿದಿಟ್ಟು ಜಸ್ತವನ್ನೂ ಕಬ್ಬಿಣವನ್ನೂ ಬೇಗ ತಿನ್ನುತ್ತದೆ. ತಗಡಿನ ಅಂಚೇ ಮೊದಲು ಕೆಡುವುದಕ್ಕೆ ಇದೊಂದು ಕಾರಣ. ಹಸಿ ಸಿಮೆಂಟು, ಹಸಿ ಸುಣ್ಣವೂ ಜಸ್ತಕ್ಕೆ ಒಗ್ಗುವುದಿಲ್ಲ. ಸೆಕೆ ಕಡಿಮೆಯಾಗಲೆಂದು ಸುಣ್ಣ ಬಳಿಯುವವರು ಅಂಟಲಿಕ್ಕೆ ಉಪ್ಪು ಸೇರಿಸಿದರೆ ಎರಡು ಪಟ್ಟು ಹಾನಿ.

ಮೂರು, ಸಾಮಾನು. ಮಾಳಿಗೆಯ ಮೇಲೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಮುರಿದ ನೇಗಿಲು ಇಡುತ್ತಿದ್ದೆವು. ತಗಡಿನ ಮೇಲೂ ಇಡುತ್ತೇವೆ. ಗಾಳಿಗೆ ಹಾರದಿರಲಿ ಎಂದು ಕಲ್ಲು, ಹಳೇ ಟಯರು ಹೇರುತ್ತೇವೆ. ಅವುಗಳ ಕೆಳಗೆ ಮಳೆಯ ನೀರು ವಾರಗಟ್ಟಲೆ ಆರುವುದಿಲ್ಲ. ಮೇಲಿನ ಗಾಳಿ ಒಣಗಿದ್ದರೂ ಕಲ್ಲಿನ ಬುಡದಲ್ಲಿ ಮಲೆನಾಡೇ ಇರುತ್ತದೆ.

ನಾಲ್ಕು, ಒಲೆ ಮತ್ತು ದನ. ಮಾಳಿಗೆಯಲ್ಲಿ ಬೆಳಕಿಂಡಿಯಿಂದ ಹೊಗೆ ಹೋಗುತ್ತಿತ್ತು. ತಗಡಿನ ಮನೆಯಲ್ಲಿ ಬೆಳಕಿಂಡಿ ಬಿಡುವುದಿಲ್ಲ. ಚಳಿಗಾಲದ ರಾತ್ರಿ ತಗಡು ಗಾಳಿಗಿಂತ ಬೇಗ ತಣ್ಣಗಾಗುತ್ತದೆ, ಅಡುಗೆಯ ಆವಿ ಅದರ ಹೊಟ್ಟೆಗೆ ಹನಿಯಾಗಿ ಅಂಟುತ್ತದೆ, ಕಟ್ಟಿಗೆ ಹೊಗೆಯ ಹುಳಿ ಅದರಲ್ಲಿ ಸೇರುತ್ತದೆ. ಮೇಲೆ ಹೊಳೆಯುವ ತಗಡು ಒಳಗಿನಿಂದ ಕೆಡುವುದು ಹೀಗೆ. ದನದ ಕೊಟ್ಟಿಗೆಯಲ್ಲಿ ಗಂಜಳದಿಂದ ಏಳುವ ಅಮೋನಿಯಾ, ಗೊಬ್ಬರದ ಚೀಲದ ಲವಣ ಅದೇ ಕೆಲಸ ಮಾಡುತ್ತವೆ. ಈಚೆಗೆ ಬಂದಿರುವ, ನೂರಕ್ಕೆ 55 ಪಾಲು ಅಲ್ಯೂಮಿನಿಯಂ ಲೇಪದ ತಗಡು ಬಯಲಿಗೆ ಬಹಳ ಒಳ್ಳೆಯದು, ಆದರೆ ದನದ ಕೊಟ್ಟಿಗೆಗೆ ಒಗ್ಗುವುದಿಲ್ಲ.

ಇವುಗಳ ಮೇಲೆ ಹೊಸ ಕಾಲದ ತಪ್ಪುಗಳೂ ಇವೆ. ಗ್ರೈಂಡರ್‌ನಲ್ಲಿ ಕೊಯ್ದಾಗ ಉದುರಿದ ಕಬ್ಬಿಣದ ಪುಡಿಯನ್ನು ತಗಡಿನ ಮೇಲೆಯೇ ಬಿಟ್ಟರೆ ಒಂದು ಮಳೆಗೆ ಕೆಂಪು ಚುಕ್ಕೆ ಏಳುತ್ತವೆ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಜಸ್ತ ಸುಟ್ಟುಹೋಗಿರುತ್ತದೆ. ಅಲೆಯ ತಗ್ಗಿನಲ್ಲಿ ಮೊಳೆ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು ಮಾಡಿದ ಹಾಗೆ. ಅಲೆಯ ತಗಡಿಗೆ ಮೊಳೆ, ಸ್ಕ್ರೂ ಉಬ್ಬಿನಲ್ಲಿ ಬೀಳಬೇಕು, ಕೆಳಗೆ ವಾಷರ್ ಇರಬೇಕು.

ತಗಡನ್ನು ಓದುವುದು

ತಗಡು ತನ್ನ ಸ್ಥಿತಿಯನ್ನು ಬಣ್ಣದಲ್ಲಿ ಹೇಳುತ್ತದೆ. ಹೊಳಪು ಹೋಗಿ ಬೂದಿ ಬಣ್ಣ ಬಂದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಗಾಳಿಯ ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿ ಜಸ್ತ ಗಟ್ಟಿ ಪೊರೆ ಕಟ್ಟಿಕೊಂಡಿದೆ. ಬಿಳಿ ಪುಡಿ ಕಂಡರೆ ತೇವ ನಿಂತಿದೆ ಎಂದರ್ಥ. ಒಂದರ ಮೇಲೊಂದು ಜೋಡಿಸಿಟ್ಟ ಹೊಸ ತಗಡಿನ ನಡುವೆ ನೀರು ಹೋದರೆ ಹೀಗಾಗುತ್ತದೆ, ಕೊಳ್ಳುವಾಗ ಅಂಥದ್ದನ್ನು ಬಿಡಿ. ಕೆಂಪು ಕಂಡರೆ ಅಲ್ಲಿ ಜಸ್ತ ಮುಗಿದಿದೆ, ಕಬ್ಬಿಣ ಸುಡುತ್ತಿದೆ.

ಸಣ್ಣ ಗೀರು ಬಿದ್ದರೆ ಅಕ್ಕಪಕ್ಕದ ಜಸ್ತ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಕೆಲವು ಮಿಲಿಮೀಟರ್ ದೂರದವರೆಗೆ ಮಾತ್ರ ಈ ತ್ಯಾಗ ನಡೆಯುತ್ತದೆ. ಕೆಂಪು ಚುಕ್ಕೆ ರೂಪಾಯಿ ಅಗಲ ಆಗುವ ಮೊದಲು ಕೈ ಹಾಕಿದರೆ ಖರ್ಚು ಕಡಿಮೆ.

ಮಿರಗಕ್ಕೆ ಮೊದಲು ಮತ್ತೆ ಮೇಲೆ ಹತ್ತೋಣ

ನಾವು ಹೇಳುವುದು ಇಷ್ಟೆ: ಮಾಳಿಗೆಯ ಕಟ್ಟಳೆಯನ್ನು ತಗಡಿಗೂ ತರೋಣ. ವರ್ಷಕ್ಕೆ ಒಂದು ದಿನ ಸಾಕು.

ಏನೇನು ಮಾಡಬೇಕು?

• ಮೇಲಿನ ಕಲ್ಲು, ಟಯರು, ಕಟ್ಟಿಗೆ ತೆಗೆಯಿರಿ. ಆದರೆ ಮೊದಲು ತಗಡನ್ನು ಜೆ ಬೋಲ್ಟು ಇಲ್ಲವೇ ಸ್ಕ್ರೂ ಹಾಕಿ ಬಿಗಿ ಮಾಡಿ. ಮೇ ತಿಂಗಳ ಗಾಳಿ-ಮಳೆಗೆ ಹಾರುವ ತಗಡು ಕೊಡಲಿಯಷ್ಟೇ ಅಪಾಯ.

• ಧೂಳು, ಎಲೆ, ಹಿಕ್ಕೆ ಗುಡಿಸಿ, ನೀರಲ್ಲಿ ತೊಳೆಯಿರಿ. ದೋಣಿ, ತಗಡು ಕೂಡುವ ಸಂದಿ ನೋಡಿ.

• ಅಂಚಿಗೆ ಮೆತ್ತಿದ ಮಣ್ಣು ಬಿಡಿಸಿ. ತಗಡು ಮತ್ತು ಮಣ್ಣಿನ ನಡುವೆ ಡಾಂಬರ್ ಶೀಟಿನ ಪಟ್ಟಿ ಇಡಿ.

• ಕೆಂಪು ಕಂಡಲ್ಲಿ ತಂತಿ ಬ್ರಶ್ಶು, ಮರಳು ಕಾಗದದಿಂದ ಗಟ್ಟಿ ಲೋಹ ಕಾಣುವವರೆಗೆ ಉಜ್ಜಿ. ಸಡಿಲ ಜಂಗಿನ ಮೇಲೆ ಬಣ್ಣ ಬಳಿದರೆ ಒಳಗೇ ಕೊಳೆಯುತ್ತದೆ. ಒರೆಸಿ, ಒಣಗಿಸಿ, ಅದೇ ದಿನ ರೆಡ್ ಆಕ್ಸೈಡ್ ಇಲ್ಲವೇ ಜಿಂಕ್ ಪ್ರೈಮರ್ ಹಚ್ಚಿ. ಅದು ಆರಿದ ಮೇಲೆ ಎರಡು ಕೈ ಬಣ್ಣ.

• ಜಂಗಿಲ್ಲದ ಹೊಸ ಜಸ್ತದ ಮೇಲೆ ಸಾಮಾನ್ಯ ಎಣ್ಣೆ ಬಣ್ಣ ನೇರವಾಗಿ ಬಳಿಯಬೇಡಿ. ಜಸ್ತ ಮತ್ತು ಎಣ್ಣೆ ಸೇರಿ ಸಾಬೂನಿನಂಥ ಪದರವಾಗಿ ಬಣ್ಣ ಸಿಪ್ಪೆ ಏಳುತ್ತದೆ. ಜಿ.ಐ. ತಗಡಿಗೆ ಎಂದು ಡಬ್ಬಿಯ ಮೇಲೆ ಬರೆದಿರುವ ಪ್ರೈಮರ್ ಕೇಳಿ.

• ಗಾಡಿಯ ಸುಟ್ಟ ಎಣ್ಣೆ ಬಳಿಯಬೇಡಿ. ಕೆಲವು ದಿನ ಹೊಳೆಯುತ್ತದೆ, ಮಳೆ ನೀರಿಗೆ ಇಳಿಯುತ್ತದೆ, ಮುಂದೆ ಯಾವ ಬಣ್ಣವೂ ಅಂಟುವುದಿಲ್ಲ.

• ಸಣ್ಣ ತೂತಿಗೆ ಅಂಟು ಟೇಪು ಸಾಕು. ಅಂಗೈ ಅಗಲದ ತೂತಿಗೆ ಅದೇ ಬಗೆಯ ತಗಡಿನ ತುಂಡು ಮುಚ್ಚಿ ರಿವೆಟ್ ಹೊಡೆಸಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದರೆ ಆ ತಗಡನ್ನು ಬದಲಿಸುವುದೇ ಸರಿ.

• ಹತ್ತುವಾಗ ಜೀವ ಮುಖ್ಯ. ಜಂಗು ಹಿಡಿದ ತಗಡು ಕಾಲು ಇಟ್ಟ ಕೂಡಲೇ ಒಡೆಯಬಹುದು. ಕೆಳಗೆ ಪೈಪು ಇರುವ ಸಾಲಿನ ಮೇಲೆ ಹಲಗೆ ಹಾಕಿ ನಡೆಯಿರಿ. ಮಳೆಯಲ್ಲಿ, ನಡು ಮಧ್ಯಾಹ್ನದಲ್ಲಿ ಹತ್ತಬೇಡಿ. ಕರೆಂಟಿನ ಸರ್ವಿಸ್ ವಾಯರ್ ತಗಡಿಗೆ ತಾಗಿದೆಯೇ ಎಂದು ಹತ್ತುವ ಮೊದಲೇ ನೋಡಿ.

• ಹಳೇ ಬಣ್ಣ ಉಜ್ಜುವಾಗ ಬಾಯಿ, ಮೂಗಿಗೆ ಬಟ್ಟೆ ಕಟ್ಟಿ, ಮಕ್ಕಳನ್ನು ದೂರ ಇಡಿ. ಮನೆಯ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲಿ ನಾವು ಕೇಳುವುದು ಬೆಲೆ ಮತ್ತು ಉದ್ದ. ಇನ್ನೆರಡು ಕೇಳಿ: ಕಬ್ಬಿಣದ ದಪ್ಪ ಎಷ್ಟು, ಜಸ್ತ ಎಷ್ಟು ಗ್ರಾಂ? ಹಲವು ಕಂಪನಿಗಳ ತಗಡಿನ ಮೇಲೆ ಅಚ್ಚು ಒತ್ತಿರುತ್ತದೆ. 120ರ ಜಾಗದಲ್ಲಿ 275 ತಂದರೆ ಎರಡು ಪಟ್ಟಿಗಿಂತ ಹೆಚ್ಚು ಜಸ್ತ ಮನೆ ಕಾಯುತ್ತದೆ.

ಕೊನೆಗೊಂದು ಕಷ್ಟದ ಸಂಗತಿ. ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳಿಗೆ ವರ್ಷದ ಅರ್ಧ ಬೀಗ ಇರುತ್ತದೆ. ಮನೆಯವರು ಬೆಂಗಳೂರಿನಲ್ಲಿ ಬೇರೆಯವರ ಕಟ್ಟಡ ಏಳಿಸುತ್ತ ತಾವು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಊರಿನ ಸೂರು ಸೋರುವುದು ಅವರಿಗೆ ತಿಳಿಯುವುದು ತೊಗರಿ ಚೀಲ ಬೂಸು ಹಿಡಿದ ಮೇಲೆ. ಅಂಥವರಿಗೆ ಮೇ ತಿಂಗಳಲ್ಲಿ ಬರಲು ಆಗದಿರಬಹುದು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೆಚ್ಚಿನವರು ಬರುತ್ತಾರೆ. ಆಗ ಮಳೆ ಇಲ್ಲ, ತಗಡು ಸುಡುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬನಿ ಆರಿದ ಮೇಲೆ ಬಣ್ಣ ಹಚ್ಚಿದರೆ ಸಂಜೆಗೆ ಒಣಗುತ್ತದೆ. ಜಾತ್ರೆಯ ಮರುದಿನ ಅರ್ಧ ದಿನ ಸೂರಿಗೆ ಕೊಟ್ಟರೆ, ಮುಂದಿನ ಮಳೆಗಾಲದಲ್ಲಿ ದೂರದಲ್ಲಿದ್ದರೂ ಊರ ಮನೆ ಒಣಗಿರುತ್ತದೆ.